ಪೌರಾಯುಕ್ತರಿಗೆ: ಹೆಣ್ಣು ಮರಿ ಕೇಳಿಕೊಂಡು ಬರುವವರಿಲ್ಲ

ಚಿಕ್ಕಮಗಳೂರು ನಗರಸಭೆಯ ಪೌರಾಯುಕ್ತರಿಗೆ ನಮಸ್ಕಾರ.

ನಮ್ಮ ಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಈಗ ಮೂರು ನಾಯಿಮರಿಗಳಿವೆ. ಮೂರೂ ಹೆಣ್ಣು. ಕೈಮರದ ಕಡೆ ರಸ್ತೆ ಪಕ್ಕ ರಟ್ಟಿನ ಡಬ್ಬದಲ್ಲಿ ಸಿಕ್ಕಿದವು. ಡಬ್ಬದಲ್ಲಿ ಐದಿದ್ದವು, ಅವುಗಳಲ್ಲಿ ಎರಡು ಮರಿ ರಾತ್ರಿಯ ಚಳಿಗೆ ಆಗಲೇ ತಣ್ಣಗಾಗಿದ್ದವು. ಗಂಡು ಮರಿಗಳನ್ನು ಯಾರೋ ಆರಿಸಿಕೊಂಡು, ಮಿಕ್ಕಿದ್ದನ್ನು ಬಿಟ್ಟು ಹೋಗಿರಬೇಕು. ಹೇಗೆ ಗೊತ್ತು ಅಂತೀರಾ? ಡಬ್ಬದಲ್ಲಿ ನನಗೆ ಸಿಗುವುದು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ.

ನಾನು ಆಶ್ರಯಧಾಮ ನಡೆಸುವವಳಲ್ಲ. ಸಿಕ್ಕ ಮರಿಗಳನ್ನು ಒಂದೆರಡು ತಿಂಗಳು ಇಟ್ಟುಕೊಂಡು, ಹುಳದ ಔಷಧಿ, ಲಸಿಕೆ ಹಾಕಿಸಿ, ಒಳ್ಳೆಯ ಮನೆ ನೋಡಿ ಕೊಡುತ್ತೇನೆ. ಇದಕ್ಕೆ ಫಾಸ್ಟರ್ ಅಂತಾರೆ. ನಮ್ಮತ್ತೆ ಮಾತ್ರ ನಾಯಿ ಬಾಣಂತನ ಅಂತಾರೆ. ಅದೇ ಸರಿಯಾದ ಹೆಸರು ಅನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಗೋಣಿಚೀಲ ಬದಲಾಯಿಸಿದವರಿಗೆ ಗೊತ್ತಾಗುತ್ತದೆ.

ಈ ಬಾಣಂತನದಲ್ಲಿ ನಾನು ತಪ್ಪನ್ನೂ ಮಾಡಿದ್ದೇನೆ. ಪಾರ್ವೋ ಅನ್ನುವ ವೈರಸ್ ರೋಗ ಬಂದು ಮರಿಯೊಂದು ಸತ್ತ ಜಾಗವನ್ನು ಫಿನಾಯಿಲ್ ಹಾಕಿ ತೊಳೆದು, ಅಲ್ಲೇ ಹೊಸ ಮರಿಗಳನ್ನು ಬಿಟ್ಟೆ. ವಾರದೊಳಗೆ ಅವಕ್ಕೂ ವಾಂತಿ, ರಕ್ತಭೇದಿ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ಬೇಕು ಅಂತ ಡಾಕ್ಟರು ಆಮೇಲೆ ಹೇಳಿದರು. ಈಗ ಹೊಸದಾಗಿ ಬಂದ ಮರಿ ಎರಡು ವಾರ ಬೇರೆಯೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಹೆಣ್ಣು ಮರಿಗೆ ಮನೆ ಸಿಗುವುದಿಲ್ಲ. ಗಂಡಾದರೆ ವಾರದಲ್ಲಿ ಹೋಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಂತೂ ಕಣ ಕಾಯಲು ನಾಯಿ ಬೇಕು ಅಂತ ತೋಟದವರೇ ಫೋನ್ ಮಾಡುತ್ತಾರೆ. ಹೆಣ್ಣು ಅಂದ ಕೂಡಲೇ, ‘ಬೇಡ ಬಿಡಿ ಅಕ್ಕಾ, ವರ್ಷಕ್ಕೆರಡು ಸಲ ಮರಿ ಹಾಕುತ್ತೆ.’ ಅವರ ಮಾತೂ ಸುಳ್ಳಲ್ಲ. ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಒಂಬತ್ತು ವಾರಕ್ಕೆ ಐದಾರು ಮರಿ. ಆ ಮರಿಗಳು ಮತ್ತೆ ರಟ್ಟಿನ ಡಬ್ಬ ಸೇರುತ್ತವೆ. ಒಬ್ಬ ತೋಟದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಹೋದ ವರ್ಷ ನೇರವಾಗಿಯೇ ಹೇಳಿದರು: ‘ಆಪರೇಷನ್ ಮಾಡಿಸಿ ಕೊಡಿ, ಎರಡು ಹೆಣ್ಣು ಬೇಕಾದ್ರೂ ತಗೊಳ್ತೀನಿ.’ ಕೈಯಿಂದ ದುಡ್ಡು ಹಾಕಿ ಒಂದಕ್ಕೆ ಮಾಡಿಸಿದೆ. ಎರಡನೆಯದಕ್ಕೆ ಆಗಲಿಲ್ಲ.

ನಾನೂ ಸುಮ್ನೆ ಕೊಟ್ಟುಬಿಡುವುದಿಲ್ಲ. ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಅಂತ ಮೊದಲು ಕೇಳುತ್ತೇನೆ. ನಮ್ಮ ಕಡೆ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ತಟ್ಟೆಯಲ್ಲಿ ಬಡಿಸಿಟ್ಟ ಊಟ. ‘ಒಳಗೆ ಮಲಗಿಸ್ತೀವಿ’ ಎಂದವರ ಮನೆಗೆ ತಿಂಗಳು ಬಿಟ್ಟು ಹೋಗಿ ನೋಡಿ ಬರುತ್ತೇನೆ. ಒಂದು ಸಲ ಹಾಗೆ ಹೋದಾಗ ಕೊಟ್ಟ ಮರಿ ಇರಲಿಲ್ಲ, ಸರಪಳಿ ಇತ್ತು.

ಈಗ ನಿಮ್ಮ ಹತ್ತಿರ ಬಂದ ವಿಷಯ. 2023ರ ಎಬಿಸಿ, ಅಂದರೆ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಬೀದಿ ನಾಯಿ ದತ್ತು ಬೇಕಾದವರು ನಗರದ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು ಅಂತ 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ಕೊಟ್ಟ ನಾಯಿಗೆ ಗುರುತಿನ ಟ್ಯಾಗ್ ಇರಬೇಕು, ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಕೆಲಸ. ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದ ನಾಯಿಗಳನ್ನು ಆಶ್ರಯಕ್ಕೆ ಸಾಗಿಸಬೇಕು, ವಾಪಸ್ ಅಲ್ಲಿಗೇ ಬಿಡುವಂತಿಲ್ಲ. ಹಾಗಾದರೆ ಎಷ್ಟು ನಾಯಿಗೆ ಅಂತ ಜಾಗ ಕಟ್ಟುತ್ತೀರಿ? ಮನೆ ಸೇರಿದ ಒಂದೊಂದು ನಾಯಿಯೂ ನಿಮಗೆ ಒಂದು ಗೂಡಿನ ಉಳಿತಾಯ, ಅಲ್ವಾ.

ಕಚೇರಿಯಲ್ಲಿ ಒಂದು ದತ್ತು ರಿಜಿಸ್ಟರ್ ಇಡಿಸಿ. ಯಾರ ಮನೆಯಲ್ಲಿ ಯಾವ ಮರಿ ಫಾಸ್ಟರ್‌ನಲ್ಲಿದೆ, ಯಾರು ಕೇಳಿದ್ದಾರೆ, ಯಾರಿಗೆ ಕೊಟ್ಟಾಯಿತು, ಇಷ್ಟು ಬರೆದರೆ ಸಾಕು. ಕೊಟ್ಟ ಮೇಲೆ ಹೋಗಿ ನೋಡಿ ಬರುವ ಕೆಲಸ ನಮ್ಮಂಥವರು ಮಾಡುತ್ತೇವೆ. ನಿಮ್ಮ ಮೊಹರು ಇರುವ ಕಾಗದ ಕೈಯಲ್ಲಿದ್ದರೆ ಸರಪಳಿ ಹಾಕುವವನೂ ಸ್ವಲ್ಪ ಯೋಚನೆ ಮಾಡುತ್ತಾನೆ.

ಎರಡನೆಯದು ನನಗೆ ಇದಕ್ಕಿಂತ ಮುಖ್ಯ. ಎಬಿಸಿ ಚಿಕಿತ್ಸೆ ನಡೆಯುವಾಗ ಫಾಸ್ಟರ್ ಮನೆಗಳ ಹೆಣ್ಣು ಮರಿಗಳಿಗೂ ದಿನಕ್ಕೆ ಒಂದೆರಡು ಜಾಗ ಕೊಡಿ. ಬೀದಿಯಲ್ಲಿದ್ದಿದ್ದರೆ ಅದೇ ಮರಿಗೆ ನೀವೇ ಮಾಡಿಸಬೇಕಿತ್ತು. ನಮ್ಮ ಕೊಟ್ಟಿಗೆಯೊಳಗೆ ಬಂತು ಅನ್ನುವ ಒಂದೇ ಕಾರಣಕ್ಕೆ ಅದು ಪಟ್ಟಿಯಿಂದ ಹೊರಗೆ ಬೀಳಬಾರದು. ಡಾಕ್ಟರುಗಳ ಕೊರತೆಯಾದರೆ ಪಕ್ಕದ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಕೇಳಿ ನೋಡಬಹುದು.

ನಾಯಿ ಕಚ್ಚಿದ ನೋವು ತಿಂದವರು ಈ ಪತ್ರ ಓದಿ ಸಿಟ್ಟಾಗಬಹುದು. ನನ್ನ ಮಗನಿಗೂ ಕಚ್ಚಿದೆ, ಐದು ಇಂಜೆಕ್ಷನ್ ಆಗಿದೆ. ಬೀದಿಯಲ್ಲಿ ನಾಯಿ ಕಡಿಮೆಯಾಗಲಿ ಅಂತ ನಾನೂ ಕೇಳುತ್ತಿದ್ದೇನೆ.

ಕೊಟ್ಟಿಗೆಯಲ್ಲಿರುವ ಮೂರಕ್ಕೆ ಈಗ ಎರಡು ತಿಂಗಳು. ಮೇ ತಿಂಗಳಿಗೆ ಆರು ತುಂಬುತ್ತದೆ, ಬೆದೆಗೆ ಬರುವ ಹೊತ್ತು. ಆ ರೈಟರ್‌ಗೆ ಇನ್ನೊಂದು ಹೆಣ್ಣು ಈಗಲೂ ಬೇಕಂತೆ. ಯಾವ ದಿನ, ಎಲ್ಲಿಗೆ ಕರೆದುಕೊಂಡು ಬರಲಿ, ತಿಳಿಸಿ.

ಇಂತಿ,
ನಿಮ್ಮ ಊರಿನ ಒಬ್ಬ ಗೃಹಿಣಿ