ಕವಿತೆಯ ಕೆಳಗೆ ಹಳೆಯ ಹುದ್ದೆ ಬೇಡ

ಮಾನ್ಯ ಸಂಪಾದಕರೇ,

ಕಾರ್ಪೊರೇಟ್ ವೃತ್ತಿಯಲ್ಲಿ ಬಹುಕಾಲ ದುಡಿದು, ಕೆಲಸ ಬಿಟ್ಟ ಮೇಲೆ ಮತ್ತೆ ಕವಿತೆಗೆ ಕೈಹಾಕಿದವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಮೆಚ್ಚುಗೆಯಲ್ಲೇ ಮುಗಿಯುತ್ತವೆ. ಹಾಗೆ ಮರಳಿದವರಲ್ಲಿ ನಾನೂ ಒಬ್ಬ. ಈ ಮೆಚ್ಚುಗೆಗಿಂತ ನಿಷ್ಠುರವಾದ ಓದು ನಮಗೆ ಹೆಚ್ಚು ಬೇಕಾಗಿದೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಬಿಡುವು ಸಿಕ್ಕರೆ ಕವಿತೆ ತಾನಾಗಿ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಅಮೆರಿಕದ ಕವಿ ವಾಲೆಸ್ ಸ್ಟೀವನ್ಸ್ ವಿಮಾ ಕಂಪನಿಯೊಂದರ ಉಪಾಧ್ಯಕ್ಷರಾಗಿದ್ದುಕೊಂಡೇ, ಕಚೇರಿಗೆ ನಡೆದು ಹೋಗುವ ದಾರಿಯಲ್ಲಿ ಸಾಲುಗಳನ್ನು ಕಟ್ಟುತ್ತಿದ್ದರು; 1955ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಾಗಲೂ ಅವರು ಆ ಕೆಲಸ ಬಿಟ್ಟಿರಲಿಲ್ಲ. ಆದ್ದರಿಂದ ಬಿಡುವಿನ ಮಾತು ಅಷ್ಟು ಮುಖ್ಯವಲ್ಲ. ನಿಜವಾದ ತೊಡಕಿರುವುದು ವರದಿ, ಟಿಪ್ಪಣಿ, ಇಮೇಲ್ ಬರೆದು ಬರೆದು ಕೈಗೆ ಅಂಟಿಕೊಂಡ ಭಾಷೆಯಲ್ಲಿ. ವರದಿ ಓದುವವರಿಗೆ ಪುರುಸೊತ್ತಿರುವುದಿಲ್ಲ. ಸಾರಾಂಶ ಎದ್ದು ಕಾಣಬೇಕು, ಎರಡನೆಯ ಅರ್ಥಕ್ಕೆ ಎಡೆಯಿರಬಾರದು. ಆ ಶಿಸ್ತು ಅಲ್ಲಿಗೆ ಸರಿಯಾದದ್ದೇ, ಅದನ್ನು ನಾನು ಹಳಿಯುವುದಿಲ್ಲ. ಆದರೆ ‘ಮಳೆ ನಿಂತ ಮೇಲೂ ಸೂರು ತೊಟ್ಟಿಕ್ಕುತ್ತಿದೆ’ ಎಂದು ಬರೆದ ಕೈ ಅಲ್ಲಿಗೆ ನಿಲ್ಲದೆ, ‘ಹಾಗೆಯೇ ದುಃಖವೂ ಬೇಗ ಮುಗಿಯದು’ ಎಂಬ ಇನ್ನೊಂದು ಸಾಲನ್ನು ಸೇರಿಸಿಬಿಡುತ್ತದೆ. ಮೊದಲನೆಯದು ಕವಿತೆ, ಎರಡನೆಯದು ವರದಿ. ಓದುಗ ತಾನೇ ತಲುಪಬಹುದಾಗಿದ್ದ ಜಾಗಕ್ಕೆ ಅವನನ್ನು ಕೈಹಿಡಿದು ಎಳೆದೊಯ್ಯುವ ಈ ಚಾಳಿ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ನನಗೆ ನೆರವಾದದ್ದು ಛಂದಸ್ಸು. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಭಾಮಿನಿ ಷಟ್ಪದಿಯಲ್ಲಿ, ಹದಿನಾಲ್ಕು ಮಾತ್ರೆಯ ಸಾಲೊಂದನ್ನು ಕೂರಿಸಲು ಹೊರಟರೆ ‘ಈ ಹಿನ್ನೆಲೆಯಲ್ಲಿ’, ‘ಅಗತ್ಯ ಕ್ರಮ’ದಂಥ ಮಾತುಗಳು ತಾವಾಗಿಯೇ ಹೊರಗುಳಿಯುತ್ತವೆ, ಕಿವಿ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಇದು ನಿಧಾನದ ಹಾದಿ. ಫ್ರೆಂಚ್ ಕವಿ ಪಾಲ್ ವ್ಯಾಲೆರಿ ಸುಮಾರು ಇಪ್ಪತ್ತು ವರ್ಷ ಕವಿತೆಯಿಂದ ದೂರವಿದ್ದು ಮರಳಿದಾಗ, ಒಂದೇ ದೀರ್ಘ ಕವಿತೆಯನ್ನು ವರ್ಷಗಟ್ಟಲೆ ತಿದ್ದಿ 1917ರಲ್ಲಿ ಪ್ರಕಟಿಸಿದರು. ಕೆಲಸ ಬಿಟ್ಟ ವರ್ಷವೇ ಸಂಕಲನ ತರುವ ಆತುರದಲ್ಲಿರುವ ಗೆಳೆಯರಿಗೆ ಇದನ್ನು ಮನಸಾರೆ ನೆನಪಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಮ್ಮ ಕವಿತೆ ಪ್ರಕಟಿಸುವಾಗ ಅದರ ಕೆಳಗೆ ‘ನಿವೃತ್ತ ಪ್ರಧಾನ ವ್ಯವಸ್ಥಾಪಕ’ ಎಂಬಂಥ ಪರಿಚಯ ಹಾಕಬೇಡಿ. ಅದು ಓದುಗನಿಂದ ರಿಯಾಯಿತಿ ಬೇಡುತ್ತದೆ. ಇಪ್ಪತ್ತರ ಹರೆಯದವರ ಕವಿತೆಯನ್ನು ಅಳೆಯುವ ಅಳತೆಗೋಲಿನಲ್ಲೇ ನಮ್ಮದನ್ನೂ ಅಳೆಯಿರಿ. ಕವಿತೆಯನ್ನು ಹಿಂದಿರುಗಿಸುವಾಗ ಸಾಧ್ಯವಾದರೆ ವಿವರಣೆಗೆ ಇಳಿದ ಸಾಲಿನ ಕೆಳಗೆ ಒಂದು ಗೆರೆ ಎಳೆದು ಕಳುಹಿಸಿ.

ಇಂತಿ,
ತಮ್ಮ ಓದುಗ