ನಿನ್ನ ಹೀರೋ ಬಾಯಿ ಮುಚ್ಚಿಕೊಂಡು ಓಡಲಿ

ಪ್ರೀತಿಯ ಪುಟ್ಟಾ,

ಸ್ಕ್ರಿಪ್ಟ್ ಓದಿದೆ. "ಅಕ್ಕಾ, ಚೆನ್ನಾಗಿದೆ ಅಂದುಬಿಡು, ಪಾಪ" ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಆದರೆ ಸುಮ್ನೆ ಹೊಗಳಿಸಿಕೊಳ್ಳೋದಕ್ಕೆ ನೀನು ನನಗೆ ಕಳಿಸಿಲ್ಲ, ಅಲ್ವಾ? ಮಾಡದ ಕೊಲೆ ತಲೆಗೆ ಬಂದಿದೆ, ಹಿಂದೆ ಪೊಲೀಸರು, ಮುಂದೆ ಗೂಢಚಾರರು. ಕಥೆ ಒಳ್ಳೆಯದೇ. ಆದರೆ ನಿನ್ನ ಹೀರೋ ಸಿಕ್ಕಿದವರ ಮುಂದೆಲ್ಲ "ನಾನು ಮಾಡಿಲ್ಲ, ನಾನು ಮಾಡಿಲ್ಲ" ಅಂತ ಗೋಳಾಡುತ್ತಾನೆ. ಅವನು ಮಾಡಿಲ್ಲ ಅನ್ನೋದು ನೋಡುವವರಿಗೆ ಮೊದಲೇ ಗೊತ್ತಲ್ಲಪ್ಪ.

ಹಿಚ್‌ಕಾಕ್‌ನ 'ದಿ 39 ಸ್ಟೆಪ್ಸ್' ಸಿನಿಮಾ ನೋಡು. 1935ರದ್ದು, ಕಪ್ಪು-ಬಿಳುಪು, ಒಂದೂವರೆ ಗಂಟೆಯೂ ಇಲ್ಲ. ಕೆನಡಾದಿಂದ ಲಂಡನ್ನಿಗೆ ಬಂದ ಹ್ಯಾನೆ ಮನೆಯಲ್ಲಿ ಆಶ್ರಯ ಕೇಳಿ ಬಂದ ಗೂಢಚಾರಿಣಿ ರಾತ್ರಿ ಬೆನ್ನಿಗೆ ಚಾಕು ಬಿದ್ದು ಸಾಯುತ್ತಾಳೆ. ಕೊಂದವರ ಕಡೆಯವರು ಬೀದಿಯಲ್ಲಿ ಕಾಯುತ್ತಿದ್ದಾರೆ. ಬೆಳಗಾಗುವ ಹೊತ್ತಿಗೆ ಹಾಲಿನವನು ಬರುತ್ತಾನೆ. ಹ್ಯಾನೆ ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಕೊಲೆಯಾಗಿದೆ, ನಾನು ತಪ್ಪಿಸಿಕೊಳ್ಳಬೇಕು ಅಂತ. ಅವನು ನಂಬೋದೇ ಇಲ್ಲ. ಆಗ ಹ್ಯಾನೆ ಒಂದು ಸುಳ್ಳು ಹೊಸೆಯುತ್ತಾನೆ: ಇಲ್ಲೊಬ್ಬಳು ಮದುವೆಯಾದ ಹೆಂಗಸಿನ ಹತ್ತಿರ ಬಂದಿದ್ದೆ, ಹೊರಗಿರುವವರು ಅವಳ ಕಡೆಯವರು. ತಗೋ, ಹಾಲಿನವನು ಖುಷಿಯಿಂದ ತನ್ನ ಕೋಟು, ಟೋಪಿ ಎರಡನ್ನೂ ಕೊಟ್ಟುಬಿಡುತ್ತಾನೆ! ನಿಜಕ್ಕೆ ಕಿಮ್ಮತ್ತಿಲ್ಲ ಅನ್ನೋದನ್ನು ಎರಡೇ ನಿಮಿಷದಲ್ಲಿ ನಗಿಸುತ್ತಾ ತೋರಿಸುತ್ತಾರೆ. ಅದೇ ಮಾತಿಗೆ ನೀನು ನಾಲ್ಕು ಪುಟ ಬರೆದಿದ್ದೀಯ.

ಹೀರೋಯಿನ್ ಪಮೇಲಾನೂ ಅಷ್ಟೇ. ಕೈಕೋಳದಲ್ಲಿ ಅವನ ಜೊತೆಗೇ ಸಿಕ್ಕಿಬಿದ್ದಿದ್ದರೂ ಅವನ ಒಂದು ಮಾತನ್ನೂ ನಂಬುವುದಿಲ್ಲ. ಕಡೆಗೆ ಹಳ್ಳಿಯ ಹೋಟೆಲಿನಲ್ಲಿ, ಪೊಲೀಸರ ವೇಷದಲ್ಲಿದ್ದ ಗೂಢಚಾರರು ಫೋನಿನಲ್ಲಿ ಮಾತಾಡುವುದು ಅವಳ ಕಿವಿಗೆ ಬೀಳುತ್ತದೆ. ಆಗ ನಂಬುತ್ತಾಳೆ. ಅವನು ನಿದ್ದೆ ಮಾಡುತ್ತಿರುತ್ತಾನೆ, ನೋಡು!

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಹ್ಯಾನೆ ಓಡಿಹೋಗಿ ತಂಗುವ, ಸ್ಕಾಟ್ಲೆಂಡಿನ ರೈತನೊಬ್ಬನ ಒಂಟಿ ಮನೆ. ಗಂಡ ವಯಸ್ಸಾದವನು, ದೇವರು-ದಿಂಡರು ಅಂತ ಬಿಗಿ, ದುಡ್ಡಿನಾಸೆ ಬೇರೆ. ಹೆಂಡತಿ ಚಿಕ್ಕವಳು. ಮೇಜಿನ ಮೇಲೆ ಕೊಲೆ ಸುದ್ದಿಯ ಪೇಪರ್ ಬಿದ್ದಿದೆ. ಊಟಕ್ಕೆ ಮುಂಚೆ ಗಂಡ ಪ್ರಾರ್ಥನೆ ಹೇಳುತ್ತಿದ್ದಾಗ ಅವಳ ಕಣ್ಣು ಪೇಪರಿನಿಂದ ಹ್ಯಾನೆಗೆ, ಹ್ಯಾನೆಯಿಂದ ಪೇಪರಿಗೆ ಓಡಾಡುತ್ತದೆ. ಗಂಡ ಅದನ್ನು ನೋಡಿ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾನೆ. ಮೂರು ಜನ, ಒಂದು ಮೇಜು, ಮೂರು ಬೇರೆ ಬೇರೆ ಕಥೆ. ರಾತ್ರಿ ಅವಳು ಗಂಡನ ಕೋಟು ಕೊಟ್ಟು ಹ್ಯಾನೆಯನ್ನು ಓಡಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಸ್ತೋತ್ರದ ಪುಸ್ತಕ ಮುಂದೆ ಗುಂಡು ತಡೆಯುತ್ತದೆ, ಆದರೆ ಕೋಟು ಹೋದದ್ದಕ್ಕೆ ಇವಳಿಗೆ ಏಟು ಬೀಳುತ್ತದೆ. ಈ ಪಾತ್ರ ಮಾಡಿದ್ದು ಪೆಗ್ಗಿ ಆಶ್‌ಕ್ರಾಫ್ಟ್. ಎಷ್ಟೋ ವರ್ಷದ ಮೇಲೆ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ಮಿಸೆಸ್ ಮೂರ್ ಆದವರು ಇವರೇ, ನಮ್ಮ ಬೆಂಗಳೂರು, ಸಾವನದುರ್ಗದ ಕಡೆ ಶೂಟಿಂಗ್ ನಡೆದ ಸಿನಿಮಾ. ಇರಲಿ, ವಿಷಯ ತಪ್ಪಿತು. ನಿನ್ನ ಸ್ಕ್ರಿಪ್ಟಿನಲ್ಲಿ ಹೀರೋಗೆ ಬಾಗಿಲು ತೆಗೆಯುವ ಆ ಟೀಚರ್ ಒಂದೇ ಸೀನಿಗೆ ಮಾಯವಾಗುತ್ತಾಳಲ್ಲ? ಅವನನ್ನು ಒಳಗೆ ಬಿಟ್ಟಿದ್ದಕ್ಕೆ ಅವಳಿಗೆ ಏನಾಯಿತು? ಅದನ್ನು ಬರಿ.

ಗುಟ್ಟಿನ ಫೈಲಿನ ಬಗ್ಗೆ ಅಷ್ಟುದ್ದ ವಿವರಣೆ ಬೇಡ. ಈ ಸಿನಿಮಾದಲ್ಲಿ ಗುಟ್ಟು ಅಂದರೆ ಸದ್ದಿಲ್ಲದ ವಿಮಾನದ ಇಂಜಿನ್ನಿನ ಸೂತ್ರ, ಯಾರಿಗೆ ಬೇಕು ಅದು! ಆದರೆ ಅದನ್ನು ಬಾಯಿಪಾಠ ಮಾಡಿಕೊಂಡ ಮಿಸ್ಟರ್ ಮೆಮೊರಿ ಇದ್ದಾನಲ್ಲ, ವೇದಿಕೆಯ ಮೇಲೆ ನೆನಪಿನ ಶಕ್ತಿ ತೋರಿಸುವವನು, ಕೇಳಿದ ಪ್ರಶ್ನೆಗೆ ಉತ್ತರ ಹೇಳದೇ ಇರಲಾರದವನು, ಅವನನ್ನು ಮರೆಯೋಕೆ ಆಗೋದಿಲ್ಲ. ಗುಂಡೇಟು ತಿಂದ ಮೇಲೂ ಆ ಸೂತ್ರವನ್ನೆಲ್ಲ ಒಪ್ಪಿಸಿ, ಹಗುರಾಗಿ ಸಾಯುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು. ಕೋರ್ಟಿಲ್ಲ, ತೀರ್ಪಿಲ್ಲ, ಯಾರೂ ಹ್ಯಾನೆಗೆ ಕ್ಷಮೆ ಕೇಳುವುದಿಲ್ಲ.

ನಿನ್ನ ಜಡ್ಜ್ ಸಾಹೇಬರನ್ನೂ ಮನೆಗೆ ಕಳಿಸು. ಕೋರ್ಟಿನ ಸೆಟ್ ಖರ್ಚಾದರೂ ಉಳಿಯುತ್ತದೆ.

ನಿನ್ನ
ದೊಡ್ಡಮ್ಮ