ಹುಷಾರು ಎಂಬ ಮಾತಿನ ಅರ್ಥ ಕಲಿಸಿದವರಿಗೆ

ಕಳೆದ ತಿಂಗಳು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ತೀವ್ರ ಮಾನಸಿಕ ಕಾಯಿಲೆಯೊಂದಿಗೆ ಬದುಕುತ್ತಿರುವವರಲ್ಲಿ ಭರವಸೆ ಮತ್ತು ಚೇತರಿಕೆ ಎಂಬುದು ನನ್ನ ವಿಷಯ. 22 ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ, ಅದರಲ್ಲಿ 16 ವರ್ಷ ಮನೋರೋಗ ವಿಭಾಗದಲ್ಲೇ ಕಳೆದಿದ್ದೇನೆ. ಮಹಾಪ್ರಬಂಧದ ಮೊದಲ ಪುಟಗಳಲ್ಲಿ ಕ್ರಮದಂತೆ ಎಲ್ಲರಿಗೂ ವಂದನೆ ಹೇಳಿದ್ದೇನೆ. ಆದರೆ ಅದು ಇಂಗ್ಲಿಷಿನಲ್ಲಿದೆ. ನನಗೆ ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅದನ್ನು ಓದಲಾರರು. ಹಾಗಾಗಿ ಇನ್ನೊಮ್ಮೆ, ನಮ್ಮ ಮಾತಿನಲ್ಲಿ.

ಮೊದಲ ನಮಸ್ಕಾರ ಒಬ್ಬ ತಾಯಿಗೆ. ಅವರು ಈಗ ಎಲ್ಲಿದ್ದಾರೋ ನನಗೆ ತಿಳಿಯದು. ನಾನು ಈ ವಿಭಾಗಕ್ಕೆ ಬಂದ ಹೊಸತು. ಅವರ ಮಗನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿಗಳು ಕೇಳಿಸುವ, ಇಲ್ಲದ್ದು ನಿಜವೆನ್ನಿಸುವ ಕಾಯಿಲೆ. ಮನೆಗೆ ಕಳುಹಿಸುವ ದಿನ ಮಾತ್ರೆಗಳನ್ನು ಬೆಳಿಗ್ಗೆಯದು, ರಾತ್ರಿಯದು ಎಂದು ಬೇರೆ ಬೇರೆ ಪೊಟ್ಟಣ ಮಾಡಿ ಕೊಟ್ಟೆ. "ಇದು ಬಿಪಿ, ಸಕ್ಕರೆ ಕಾಯಿಲೆ ಇದ್ದ ಹಾಗೆ. ಜೀವನಪೂರ್ತಿ ಮಾತ್ರೆ ತೆಗೆದುಕೊಳ್ಳಬೇಕು, ನಿಲ್ಲಿಸುವ ಹಾಗಿಲ್ಲ" ಎಂದೆ. ನಾವೆಲ್ಲರೂ ಹಾಗೆಯೇ ಹೇಳುತ್ತೇವೆ, ಒಳ್ಳೆಯದಕ್ಕೇ ಹೇಳುತ್ತೇವೆ. ಅವರು ಪೊಟ್ಟಣಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಕೇಳಿದರು: "ಮಾತ್ರೆ ಕೊಡುತ್ತೇನೆ ಸಿಸ್ಟರಮ್ಮ. ಅದು ಬಿಟ್ಟು ನನ್ನ ಮಗನಿಗೆ ಇನ್ನೇನಿದೆ?"

ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಕಡತ ಎತ್ತಿಕೊಂಡೆ. ಅವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿರಬಹುದು, ಮಗ ಚೆನ್ನಾಗಿಯೇ ಇರಬಹುದು. ಆದರೆ ಕಡತದ ಕಡೆಗೆ ಹೋದ ನನ್ನ ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನ ಇಡೀ ಸಂಶೋಧನೆ ಆ ತಾಯಿಯ ಒಂದು ಪ್ರಶ್ನೆ.

ಓದಲು ಕುಳಿತ ಮೇಲೆ ಗೊತ್ತಾಯಿತು, ನಾನು ಅಂದು ಹೇಳಬೇಕಾಗಿದ್ದ ಉತ್ತರ ಎಷ್ಟೋ ವರ್ಷ ಮೊದಲೇ ಅಚ್ಚಾಗಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯಲ್ಲಿ, ಇವರು ಇನ್ನು ಸುಧಾರಿಸುವುದಿಲ್ಲ ಎಂದು ಹಿಂಬದಿಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಉಳಿಸಿಕೊಂಡಿದ್ದ ಜನರನ್ನು ಸುಮಾರು 32 ವರ್ಷಗಳ ನಂತರ ಹುಡುಕಿಕೊಂಡು ಹೋಗಿ ಮಾತನಾಡಿಸಿದವರು ಕರ್ಟ್ನಿ ಹಾರ್ಡಿಂಗ್ ಮತ್ತು ಅವರ ಜೊತೆಗಾರರು. ಅರ್ಧಕ್ಕಿಂತ ಹೆಚ್ಚು ಜನ ಗಣನೀಯವಾಗಿ ಸುಧಾರಿಸಿದ್ದರು ಅಥವಾ ಚೇತರಿಸಿಕೊಂಡಿದ್ದರು. ಆ ವರದಿ ಪ್ರಕಟವಾದದ್ದು 1987ರಲ್ಲಿ. ಹಾರ್ಡಿಂಗ್ ಸಂಶೋಧನೆಗೆ ಬರುವ ಮೊದಲು ಸ್ವತಃ ನರ್ಸ್ ಆಗಿದ್ದವರು. ಅದಕ್ಕೂ ಮೊದಲೇ ವಿಶ್ವ ಆರೋಗ್ಯ ಸಂಸ್ಥೆ ಸ್ಕಿಜೋಫ್ರೇನಿಯಾ ಕುರಿತು 9 ದೇಶಗಳಲ್ಲಿ ನಡೆಸಿದ ಅಧ್ಯಯನಕ್ಕೆ ನಮ್ಮ ಆಗ್ರಾವೂ ಒಂದು ಕೇಂದ್ರವಾಗಿತ್ತು. ಅಲ್ಲಿನ ರೋಗಿಗಳು ಹಲವು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಸುಧಾರಿಸಿದ್ದರು. ಅದು ಕುಟುಂಬದ ಆಸರೆಯಿಂದಲೋ, ಹೊಲದಲ್ಲಿ ಮನೆಯಲ್ಲಿ ಕೈಗೆ ಸಿಗುವ ಕೆಲಸದಿಂದಲೋ ಎಂಬ ಚರ್ಚೆ ಈಗಲೂ ನಡೆದಿದೆ. ರೋಗಿಯ ಭರವಸೆ ಉಳಿಸುವುದು ನರ್ಸ್ ಮಾಡಲೇಬೇಕಾದ ಕೆಲಸ ಎಂದು ಅಮೆರಿಕದ ಮನೋರೋಗ ನರ್ಸ್ ಜಾಯ್ಸ್ ಟ್ರಾವೆಲ್ಬಿ 1966ರಲ್ಲೇ ಬರೆದಿದ್ದರು. ಇದೆಲ್ಲ ಇತ್ತು. ನನ್ನವರೆಗೆ ಬಂದಿರಲಿಲ್ಲ, ನನ್ನ ಮೂಲಕ ಆ ತಾಯಿಗೆ ತಲುಪಲಿಲ್ಲ.

ನನ್ನ ಮಾರ್ಗದರ್ಶಕರಿಗೆ ನಾನು ಋಣಿ. ಮುಖ್ಯವಾಗಿ ಒಂದು ಮಾತಿಗೆ. ಭರವಸೆಯನ್ನು ಅಳೆಯಲು ಕೇ ಹರ್ತ್ ಎಂಬ ನರ್ಸ್ 1992ರಲ್ಲಿ ಪ್ರಕಟಿಸಿದ ಮಾಪನವೊಂದಿದೆ. 12 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 4 ಅಂಕ. ಅದನ್ನು ಕನ್ನಡಕ್ಕೆ ತರಲು ನಾನು ನಿಘಂಟು ಹಿಡಿದು ಕುಳಿತಿದ್ದೆ. ಮಾರ್ಗದರ್ಶಕರು ಹೇಳಿದರು: "ನಿಘಂಟು ಮುಚ್ಚಿಡಿ. ವಾರ್ಡಿಗೆ ಹೋಗಿ ಕೇಳಿಕೊಂಡು ಬನ್ನಿ."

ಹೋಗಿ ಕೇಳಿದೆ. "ಭರವಸೆ ಇದೆಯೇ?" ಎಂದರೆ, "ಯಾರು ಕೊಟ್ಟ ಭರವಸೆ?" ಎಂದು ಕೇಳಿದವರಿದ್ದರು. ನಮ್ಮಲ್ಲಿ ಭರವಸೆ ಎಂದರೆ ದೊಡ್ಡವರು ಕೊಡುವುದು, ಕೊಟ್ಟು ಮರೆಯುವುದು. "ಆಸೆ" ಎಂದರೆ, "ನನಗೇನೂ ಆಸೆಯಿಲ್ಲ ತಾಯಿ, ಎರಡು ಹೊತ್ತು ಊಟವಿದ್ದರೆ ಸಾಕು" ಎಂದು ಒಬ್ಬ ಅಜ್ಜಿ ನೆಮ್ಮದಿಯಾಗಿ ಹೇಳಿದರು. ಅದನ್ನು ನಿರಾಶೆ ಎಂದು ಗುರುತು ಹಾಕಿದ್ದರೆ ಎಂಥ ತಪ್ಪಾಗುತ್ತಿತ್ತು! ಒಪ್ಪಿಗೆ ಪತ್ರದಲ್ಲಿದ್ದ "ಚೇತರಿಕೆ" ಎಂಬ ಮಾತನ್ನು ಯಾರೂ ಬಾಯಲ್ಲಿ ಆಡಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು: ಹುಷಾರು.

ಅದರ ಅರ್ಥ ಬಿಡಿಸಿ ಹೇಳಿದವರು ಅತಿಯಾದ ಹುರುಪು ಮತ್ತು ಕುಗ್ಗುವಿಕೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಿರುವ, ಬಟ್ಟೆ ಹೊಲಿಯುವ ಒಬ್ಬ ಮಹಿಳೆ. "ಹುಷಾರಾಗಿದ್ದೇನೆ ಅಂದರೆ ಹುಷಾರಾಗಿ ಇದ್ದೇನೆ ಅಕ್ಕ" ಎಂದರು. ಎರಡನೆಯ "ಹುಷಾರಾಗಿ"ಯನ್ನು ಒತ್ತಿ ಹೇಳಿದರು. ಸತತ ಎರಡು ರಾತ್ರಿ ನಿದ್ದೆ ಕಡಿಮೆಯಾಗಿ, ಆದರೂ ಮೈಯಲ್ಲಿ ಹುರುಪು ಏರುತ್ತಿದೆ ಎನ್ನಿಸಿದರೆ ಅವರು ಎಟಿಎಂ ಕಾರ್ಡನ್ನು ತಂಗಿಯ ಕೈಗೆ ಕೊಟ್ಟುಬಿಡುತ್ತಾರೆ, ಹೊಸ ಬಟ್ಟೆಯ ಆರ್ಡರ್ ಹಿಡಿಯುವುದಿಲ್ಲ, ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತಾರೆ. ಕಾಯಿಲೆ ಹೆಚ್ಚಾದರೆ ನನ್ನನ್ನು ಹೀಗೆ ನೋಡಿಕೊಳ್ಳಿ ಎಂದು ಮೊದಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಆ ಕಾಯ್ದೆ ಜಾರಿಯಾಗುವ ಮೊದಲೇ ಇವರು ತಂಗಿಯೊಂದಿಗೆ ಬಾಯಿಮಾತಿನಲ್ಲಿ ಆ ಒಪ್ಪಂದ ಮಾಡಿಕೊಂಡಿದ್ದರು. ನನ್ನ ಮೂರನೆಯ ಅಧ್ಯಾಯ ನಿಂತಿರುವುದು ಆ ಅಕ್ಕತಂಗಿಯರ ಮೇಲೆ. ಇಬ್ಬರಿಗೂ ನಮಸ್ಕಾರ.

ಇನ್ನೊಬ್ಬರ ಬಗ್ಗೆ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾ ಅವರದು. ಕ್ಲೋಜಪಿನ್ ಶುರುವಾಯಿತು. ಆ ಔಷಧ ರಕ್ತದ ಬಿಳಿ ಕಣಗಳನ್ನು ಇಳಿಸಬಲ್ಲದು, ಆದ್ದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಒಂದು ವಾರವೂ ತಪ್ಪಿಸದೆ ಮೊದಲ ಬಸ್ಸಿಗೆ ಬಂದು ಹೋದರು. ನಾನು ಮನೆಗೆ ಹೋಗಿ ಹೇಳಿಕೆಗಳ ಹಾಳೆ ತೆಗೆದಾಗ ಸುಮ್ಮನೆ ಎದ್ದು ಒಳಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಕೈಯಲ್ಲಿ ಡೇರಿ ಪುಸ್ತಕ ಹಿಡಿದು ಬಂದರು.

ದಿನಾಂಕ, ಲೀಟರ್, ಫ್ಯಾಟ್, ಮೊತ್ತ. ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ಅವರು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಅತ್ತಿಗೆ ಹಾಲು ಕರೆದಿದ್ದರು. ಹಸು ಅವರ ಕೈಗೆ ಸರಿಯಾಗಿ ಹಾಲು ಕೊಟ್ಟಿರಲಿಲ್ಲ. ಎರಡು ಲೀಟರ್, ಒಂದೂವರೆ, ಮತ್ತೆ ಎರಡು. ಆಮೇಲೆ ಒಂದು ಸಂಜೆಯಿಂದ ಮೂರು, ಮೂರೂವರೆ, ನಾಲ್ಕು. ಆ ಮೂರರ ಮೇಲೆ ಬೆರಳಿಟ್ಟು, "ಇಲ್ಲಿಂದ ನಾನು ಮೇಡಂ" ಎಂದರು. ಪುಸ್ತಕದ ಆ ಪುಟದ ಅಂಚಿಗೆ ಸಗಣಿಯ ಒಂದು ಒಣಗಿದ ಬೆರಳಚ್ಚು ಇತ್ತು.

ಅವರಿಗೆ ಈಗಲೂ ದನಿಗಳು ಕೇಳಿಸುತ್ತವೆ. ಹಾಲು ಕರೆಯುವಾಗ ಕಡಿಮೆ, ಬಟವಾಡೆಯ ದಿನ ಗದ್ದಲದಲ್ಲಿ ಸ್ವಲ್ಪ ಹೆಚ್ಚು. ವಾರ್ಡಿನ ಕಡತದಲ್ಲಿ ಇವರನ್ನು ನಾನು ಹೇಗೆ ಬರೆಯುತ್ತಿದ್ದೆ ಎಂದು ಯೋಚಿಸಿದೆ. "ಲಕ್ಷಣಗಳು ಮುಂದುವರಿದಿವೆ" ಎಂದು. ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಡೇರಿ ಕಾರ್ಯದರ್ಶಿ ಬರೆದದ್ದು ನನ್ನ ಬರಹಕ್ಕಿಂತ ಪೂರ್ತಿಯಾಗಿತ್ತು. ಮಾತ್ರೆ ಬಿಟ್ಟು ಇನ್ನೇನಿದೆ ಎಂದು ಕೇಳಿದ ಆ ತಾಯಿಗೆ ಇದನ್ನು ತೋರಿಸಬೇಕಿತ್ತು ಎಂದು ಅಲ್ಲೇ, ಆ ಜಗಲಿಯ ಮೇಲೆ ಕುಳಿತು ನನಗೆ ಅನ್ನಿಸಿತು. ಅಳು ಬಂತು. ಅವರ ಅತ್ತಿಗೆ ಏನೂ ಕೇಳದೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಆ ಮಜ್ಜಿಗೆಗೂ ನಮಸ್ಕಾರ.

ವಾರ್ಡಿನ ಸಹೋದ್ಯೋಗಿಗಳು ನನಗಾಗಿ ಪಾಳಿ ಬದಲಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ರಾತ್ರಿ ನಿದ್ದೆ ಬಾರದ ರೋಗಿಯ ಮಂಚದ ಪಕ್ಕ ಕುಳಿತು ಸುಮ್ಮನೆ ಹೂ ಕಟ್ಟುತ್ತಿದ್ದ ನಮ್ಮ ಆಯಾ ಒಬ್ಬರಿದ್ದರು. ಈಗ ನಿವೃತ್ತರು. ರೋಗಿಯ ಜೊತೆಗಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾ 1952ರಲ್ಲಿ ಬರೆದದ್ದನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಆದರೆ ಅದು ನನಗೆ ಅರ್ಥವಾದದ್ದು ಈ ಆಯಾ ಅವರನ್ನು ನೋಡಿದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುತ್ತಿದ್ದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ತಪಾಸಣೆಯ ದಿನಗಳಲ್ಲಿ ನನಗೆ ಜನರ ಪರಿಚಯ ಮಾಡಿಸಿ, ಬಿಸಿಲಲ್ಲಿ ಮನೆಮನೆಗೆ ದಾರಿ ತೋರಿಸಿದ ಆಶಾ ಕಾರ್ಯಕರ್ತೆಯರು, ಅಂಕಿಅಂಶಗಳನ್ನು ಮೂರು ಸಲ ತಿದ್ದಿಸಿದ ತಜ್ಞರು, "ಓದು, ಸಾರು ನಾನು ಮಾಡುತ್ತೇನೆ" ಎಂದ ಅತ್ತೆ, ಮೇಜಿನ ಅರ್ಧ ಬಿಟ್ಟುಕೊಟ್ಟ ಮಗಳು, ಮನೆಮನೆಗೆ ಬೈಕಿನಲ್ಲಿ ಕರೆದೊಯ್ದು ದೂರದ ಮರದಡಿ ಕಾಯುತ್ತಿದ್ದ ಪತಿ, ಎಲ್ಲರಿಗೂ ನಾನು ಋಣಿ.

ಮಾತನಾಡಲು ಒಪ್ಪದವರಿಗೂ. "ಇದನ್ನೆಲ್ಲ ಮತ್ತೆ ನೆನಪು ಮಾಡಿಕೊಳ್ಳುವುದು ಬೇಡ" ಎಂದು ಬಾಗಿಲು ಹಾಕಿಕೊಂಡವರು ತಮ್ಮ ಹುಷಾರನ್ನು ತಾವೇ ಕಾಯ್ದುಕೊಂಡರು. ಅವರು ಹಾಗೆ ಮಾಡಿದ್ದು ಸರಿ.

ಕಳೆದ ಭಾನುವಾರ ರಟ್ಟು ಕಟ್ಟಿಸಿದ ಮಹಾಪ್ರಬಂಧದ ಒಂದು ಪ್ರತಿಯನ್ನು ತೆಗೆದುಕೊಂಡು ಆ ಡೇರಿ ಪುಸ್ತಕದ ಮನೆಗೆ ಹೋಗಿದ್ದೆ. ಅತ್ತಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಣೆಯ ಮೇಲಿಟ್ಟರು. ಅವರು ಕೈ ತೊಳೆದುಕೊಂಡು ಬಂದು, "ಇದರಲ್ಲಿ ನಾನು ಎಷ್ಟನೇ ಪುಟ?" ಎಂದು ಕೇಳಿದರು. ಆ ಪುಟ ತೆರೆದು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ದನಿಗಳ ವಿಷಯ ಬಂದಾಗ ಹೌದೆಂದು ತಲೆಯಾಡಿಸಿದರು. ಲೀಟರಿನ ಲೆಕ್ಕ ಬಂದಾಗ ನನ್ನನ್ನು ನಿಲ್ಲಿಸಿದರು.

"ಕೊನೆಯದು ನಾಲ್ಕಲ್ಲ ಮೇಡಂ. ನಾಲ್ಕೂವರೆ."

ಒಳಗಿನಿಂದ ಹಳೆಯ ಡೇರಿ ಪುಸ್ತಕ ತಂದು ತೋರಿಸಿದರು. ನಾಲ್ಕೂವರೆಯೇ ಇತ್ತು. ಅವರ ಮುಂದೆಯೇ ಪೆನ್ನು ತೆಗೆದು ತಿದ್ದಿದೆ.